ಮಾತ್ರೆಗೆ ದಾರಿ ಗೊತ್ತಿಲ್ಲ

ಮಕ್ಕಳೇ, ಈ ವಾರದ ಪ್ರಶ್ನೆ ಆರನೇ ತರಗತಿಯ ಹುಡುಗಿಯೊಬ್ಬಳದು. ಅಂಚೆ ಕಾರ್ಡಿನಲ್ಲಿ ಎರಡೇ ಸಾಲು ಬರೆದಿದ್ದಾಳೆ. "ತಾತ, ತಲೆನೋವಿಗೆ ಅಂತ ನುಂಗಿದ ಮಾತ್ರೆ ಹೊಟ್ಟೆಗೆ ತಾನೇ ಹೋಗೋದು? ತಲೆ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಉತ್ತರದ ಮೊದಲ ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಗೊತ್ತಾಗುವುದಿಲ್ಲ! ಮಾತ್ರೆಗೆ ಕಣ್ಣಿಲ್ಲ, ವಿಳಾಸ ಓದಲು ಬರುವುದಿಲ್ಲ. ಅದು ಕರಗಿ, ಕರುಳಿನಿಂದ ರಕ್ತಕ್ಕೆ ಸೇರಿ, ರಕ್ತ ಹರಿದಲ್ಲೆಲ್ಲ ಹರಿಯುತ್ತದೆ. ತಲೆಗೂ ಹೋಗುತ್ತದೆ, ಕಾಲಿನ ಹೆಬ್ಬೆರಳಿಗೂ ಹೋಗುತ್ತದೆ. ಎಲ್ಲ ಕಡೆ ಹೋದರೂ ಕೆಲಸ ಮಾತ್ರ ಬೇಕಾದ ಜಾಗದಲ್ಲಿ ಆಗುವುದು ಹೇಗೆ? ಈ ವಾರ ಅದನ್ನು ನೋಡೋಣ. ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನ ಗುಮಾಸ್ತಿಕೆ. ರಸಾಯನಶಾಸ್ತ್ರವನ್ನು ನಿವೃತ್ತಿಯಾದ ಮೇಲೆ ಓದಿಕೊಂಡವನು. ಇದರಲ್ಲಿ ನಿಮಗೊಂದು ಲಾಭವಿದೆ. ನನಗೆ ಅರ್ಥವಾದದ್ದು ನಿಮಗೆ ಖಂಡಿತ ಅರ್ಥವಾಗುತ್ತದೆ.

ಕುಂಕುಮ ಬೇರೆ, ಮದರಂಗಿ ಬೇರೆ

ಹಣೆಗೆ ಇಟ್ಟ ಕುಂಕುಮ ಒರೆಸಿದರೆ ಹೋಗುತ್ತದೆ. ಕೈಗೆ ಹಚ್ಚಿದ ಮದರಂಗಿ ಒರೆಸಿದರೂ ಹೋಗದು, ಸೋಪು ಹಾಕಿ ಉಜ್ಜಿದರೂ ಹೋಗದು. (ನಿಮ್ಮೂರಿನಲ್ಲಿ ಗೋರಂಟಿ ಅಂತಲೋ ಮೆಹಂದಿ ಅಂತಲೋ ಕರೆಯಬಹುದು.) ಕುಂಕುಮ ಚರ್ಮದ ಮೇಲೆ ಸುಮ್ಮನೆ ಕೂತಿರುತ್ತದೆ. ಮದರಂಗಿಯ ಎಲೆಯಲ್ಲಿ ಲಾಸೋನ್ ಎಂಬ ವಸ್ತುವಿದೆ. ಅದು ಚರ್ಮದಲ್ಲಿ, ಉಗುರಿನಲ್ಲಿ ಇರುವ ಕೆರಾಟಿನ್ ಎಂಬ ಪ್ರೋಟೀನಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಆಮೇಲೆ ಬಣ್ಣ ಬೇರೆ, ಚರ್ಮ ಬೇರೆ ಅಲ್ಲ.

ಇಂಥ ಬೆಸುಗೆಗೆ ಶಾಲೆಯ ಪುಸ್ತಕದಲ್ಲಿ ಸಹವೇಲೆನ್ಸೀಯ ಬಂಧ ಎಂಬ ಹೆಸರಿದೆ. ಹೆಸರಿಗೆ ಹೆದರಬೇಡಿ. ಎರಡು ಪರಮಾಣುಗಳು ತಮ್ಮ ತಮ್ಮ ಎಲೆಕ್ಟ್ರಾನುಗಳನ್ನು ಒಟ್ಟಿಗೆ ಇಟ್ಟು ಹಂಚಿಕೊಳ್ಳುತ್ತವೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಂಟಿ ಖಾತೆ! ಒಮ್ಮೆ ತೆರೆದರೆ ಒಬ್ಬರೇ ಬಂದು ಮುಚ್ಚಿಕೊಂಡು ಹೋಗಲು ಆಗುವುದಿಲ್ಲ.

ಔಷಧಗಳಲ್ಲೂ ಈ ಎರಡು ಜಾತಿ ಇವೆ. ಹೆಚ್ಚಿನವು ಕುಂಕುಮದ ಜಾತಿ. ಪ್ರೋಟೀನಿನ ಒಂದು ಗುಳಿಯಲ್ಲಿ ಬಂದು ಕೂರುತ್ತವೆ, ಸ್ವಲ್ಪ ಹೊತ್ತು ಅದರ ಕೆಲಸ ತಡೆಯುತ್ತವೆ, ಎದ್ದು ಹೋಗುತ್ತವೆ. ಕೆಲವು ಮಾತ್ರ ಮದರಂಗಿಯ ಜಾತಿ. ಪ್ರೋಟೀನಿನ ಕೈಯನ್ನೇ ಹಿಡಿದುಕೊಂಡು ಬಿಡುತ್ತವೆ.

ಅಜ್ಜಿಯ ಡಬ್ಬಿಯೊಳಗಿನ ಮದರಂಗಿ

ಈ ಎರಡನೇ ಜಾತಿಯ ಒಂದು ಮಾತ್ರೆ ಬಹಳಷ್ಟು ಅಜ್ಜ ಅಜ್ಜಿಯರ ಮಾತ್ರೆ ಡಬ್ಬಿಯಲ್ಲಿ ಇರುತ್ತದೆ. ಅದೇ ಆಸ್ಪಿರಿನ್. ಜರ್ಮನಿಯ ಬೇಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಅದನ್ನು ಶುದ್ಧವಾಗಿ ತಯಾರಿಸಿದ್ದು 1897ರಲ್ಲಿ. ಅದು ನೋವನ್ನು ಹೇಗೆ ತಗ್ಗಿಸುತ್ತದೆ ಎಂಬುದರ ಸುಳಿವನ್ನು ಇಂಗ್ಲೆಂಡಿನ ಜಾನ್ ವೇನ್ ಕೊಟ್ಟದ್ದು 1971ರಲ್ಲಿ. ಎಪ್ಪತ್ತು ವರ್ಷಕ್ಕೂ ಮೇಲೆ ಲೋಕವೆಲ್ಲ ಅದನ್ನು ನುಂಗುತ್ತಲೇ ಇತ್ತು, ಒಳಗೆ ನಡೆಯುವುದು ಏನು ಎಂದು ತಿಳಿದಿರಲಿಲ್ಲ. ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು.

ನಡೆಯುವುದು ಇಷ್ಟು. ನಮ್ಮ ದೇಹದಲ್ಲಿ ಸೈಕ್ಲೋಆಕ್ಸಿಜಿನೇಸ್ ಎಂಬ ಕಿಣ್ವವಿದೆ. ನೋವು, ಊತದ ಸಂದೇಶ ಹೊರಡಿಸುವ ವಸ್ತುಗಳನ್ನು ಅದು ತಯಾರಿಸುತ್ತದೆ. ಅದರೊಳಗೆ ಒಂದು ಸುರಂಗ. ಆಸ್ಪಿರಿನ್ ಆ ಸುರಂಗಕ್ಕೆ ನುಗ್ಗಿ, ತನ್ನದೇ ಒಂದು ಚಿಕ್ಕ ತುಂಡನ್ನು ಕಳಚಿ, ಅಲ್ಲಿರುವ ಸೆರೀನ್ ಎಂಬ ಮಣಿಗೆ ಬೆಸೆದುಬಿಡುತ್ತದೆ. ಬಾಗಿಲಿಗೆ ಅಡ್ಡ ಕಲ್ಲು ಇಟ್ಟಂತೆ. ಕಿಣ್ವದ ಅಂಗಡಿ ಬಂದ್.

ತಲೆನೋವು ಕೆಲವು ಗಂಟೆಗಳ ಮೇಲೆ ಮತ್ತೆ ಬರಬಹುದು. ಯಾಕೆಂದರೆ ಸಾಮಾನ್ಯ ಜೀವಕೋಶಗಳು ಹೊಸ ಕಿಣ್ವ ತಯಾರಿಸಿಕೊಳ್ಳುತ್ತವೆ. ಆದರೆ ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಕಣಗಳಿವೆ. ಡೆಂಗಿ ಜ್ವರ ಬಂದಾಗ ಎಣಿಸುತ್ತಾರಲ್ಲ, ಅವೇ. ಗಾಯವಾದಾಗ ಒಂದಕ್ಕೊಂದು ಅಂಟಿಕೊಂಡು ರಕ್ತ ಹೆಪ್ಪುಗಟ್ಟಿಸುವುದು ಅವುಗಳ ಕೆಲಸ. ಅವುಗಳಲ್ಲಿ ಕೋಶಕೇಂದ್ರವಿಲ್ಲ. ಹೊಸ ಕಿಣ್ವ ತಯಾರಿಸಲು ಅವಕ್ಕೆ ಆಗದು. ಆಸ್ಪಿರಿನ್ ಒಮ್ಮೆ ಬೀಗ ಹಾಕಿದರೆ ಆ ಕಣ ಬದುಕಿರುವಷ್ಟು ದಿನ, ಅಂದರೆ ಏಳರಿಂದ ಹತ್ತು ದಿನ, ಬೀಗ ಹಾಕಿದ್ದೇ. ಆದ್ದರಿಂದಲೇ ಹೃದಯದ ಡಾಕ್ಟರು ಕೊಡುವ 75 ಮಿಲಿಗ್ರಾಂನ ಪುಟ್ಟ ಮಾತ್ರೆ ದಿನಕ್ಕೊಂದು ಸಾಕಾಗುತ್ತದೆ.

ಹಲ್ಲು ಕೀಳಿಸುವ ಮೊದಲು, ಆಪರೇಷನ್ನಿನ ಮೊದಲು "ಆಸ್ಪಿರಿನ್ ತಗೊಳ್ತೀರಾ?" ಎಂದು ಕೇಳುವುದೂ ಇದಕ್ಕೇ. ನನ್ನ ವಯಸ್ಸಿನವರಿಗೆ ಒಂದು ಮಾತು. ಕೇಳದಿದ್ದರೂ ನೀವೇ ಹೇಳಿ. ಆದರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ನಿಲ್ಲಿಸಬೇಕೋ ಬೇಡವೋ ಎಂಬುದು ಡಾಕ್ಟರ ಲೆಕ್ಕ. ಇನ್ನು ಮಕ್ಕಳ ಜ್ವರಕ್ಕೆ ಈ ಡಬ್ಬಿಯಿಂದ ಆಸ್ಪಿರಿನ್ ತೆಗೆದು ಕೊಡಲೇಬಾರದು. ಅದು ಅವರಿಗೆ ಅಪಾಯ.

ಸಿಕ್ಕಸಿಕ್ಕವರ ಕೈ ಹಿಡಿದರೆ

ಹಿಡಿದರೆ ಬಿಡದ ಔಷಧ ಅಷ್ಟು ಒಳ್ಳೆಯದಾದರೆ ಎಲ್ಲ ಔಷಧಕ್ಕೂ ಗಟ್ಟಿಯಾದ ಕೈ ಕೊಟ್ಟರೆ ಆಯಿತಲ್ಲ ಎಂದು ನೀವು ಕೇಳಬಹುದು. ಇಲ್ಲಿಯೇ ಕಷ್ಟ ಇರುವುದು.

ಪ್ರೋಟೀನ್ ಎಂದರೆ ಮಣಿಸರ. ಇಪ್ಪತ್ತು ಬಗೆಯ ಮಣಿಗಳನ್ನು ಬೇರೆ ಬೇರೆ ಸಾಲಿನಲ್ಲಿ ಪೋಣಿಸಿ, ಮಡಿಸಿ, ಸುತ್ತಿ ಮಾಡಿದ್ದು. ಮನುಷ್ಯನ ಜೀವಕೋಶದಲ್ಲಿ ಸುಮಾರು 20,000 ಬಗೆಯ ಪ್ರೋಟೀನುಗಳಿಗೆ ನಕ್ಷೆ ಇದೆ. ಮಣಿಗಳಲ್ಲಿ ಸಿಸ್ಟೀನ್ ಎಂಬುದಕ್ಕೆ ಗಂಧಕದ ಒಂದು ಕೈ ಇದೆ. ಬೇರೆಯವರ ಕೈ ಹಿಡಿಯುವುದರಲ್ಲಿ ಅದು ಎಲ್ಲರಿಗಿಂತ ಮುಂದು. ಆದ್ದರಿಂದ ಔಷಧ ಮಾಡುವವರ ಕಣ್ಣು ಹೆಚ್ಚಾಗಿ ಅದರ ಮೇಲೆ. ಆದರೆ ಸಿಸ್ಟೀನ್ ಇರುವುದು ಒಂದೆರಡು ಪ್ರೋಟೀನಿನಲ್ಲಲ್ಲ, ಸಾವಿರಾರು ಪ್ರೋಟೀನುಗಳಲ್ಲಿ. ಕೈ ವಿಪರೀತ ಚುರುಕಾಗಿದ್ದರೆ ದಾರಿಯಲ್ಲಿ ಸಿಕ್ಕ ಮೊದಲ ಗಂಧಕಕ್ಕೇ ಅಂಟಿಕೊಳ್ಳುತ್ತದೆ. ಆಗ ಆಗಬೇಕಾದ ಕೆಲಸ ಆಗುವುದಿಲ್ಲ, ಆಗಬಾರದ್ದು ಆಗುತ್ತದೆ.

ಇದರ ಉದಾಹರಣೆಗೆ ದೂರ ಹೋಗಬೇಕಿಲ್ಲ. ಜ್ವರಕ್ಕೆ ಎಲ್ಲರ ಮನೆಯಲ್ಲೂ ಇರುವ ಪ್ಯಾರಸಿಟಮಾಲ್ ನೋಡಿ. ಹೇಳಿದಷ್ಟು ತೆಗೆದುಕೊಂಡರೆ ಒಳ್ಳೆಯ ಔಷಧ. ಅದರ ಬಹುಪಾಲನ್ನು ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್, ಸಲೀಸಾಗಿ ಹೊರಗೆ ಸಾಗಹಾಕುತ್ತದೆ. ಸ್ವಲ್ಪ ಪಾಲು ಮಾತ್ರ ಅಲ್ಲಿಯೇ ಬಹಳ ಚುರುಕು ಕೈಯ ಒಂದು ವಸ್ತುವಾಗಿ ಬದಲಾಗುತ್ತದೆ. ಅದನ್ನು ಹಿಡಿದು ಹಾಕಲು ಗ್ಲುಟಾಥಯೋನ್ ಎಂಬ ಕಾವಲುಗಾರರ ಪಡೆ ಇದೆ. ಅವರ ಕೈಯಲ್ಲೂ ಗಂಧಕವೇ. ಕಿಡಿಗೇಡಿ ಬಂದೊಡನೆ ತಾವೇ ಕೈ ಕೊಟ್ಟು ಹೊರಗೆ ಕರೆದುಕೊಂಡು ಹೋಗುತ್ತಾರೆ. ಮಿತಿ ಮೀರಿ ನುಂಗಿದರೆ ಕಾವಲುಗಾರರು ಮುಗಿದುಹೋಗುತ್ತಾರೆ. ಆಗ ಆ ವಸ್ತು ಲಿವರಿನ ಸ್ವಂತ ಪ್ರೋಟೀನುಗಳಿಗೇ ಅಂಟುತ್ತದೆ, ಜೀವಕೋಶಗಳು ಸಾಯುತ್ತವೆ. ಇದಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮದ್ದು ಸಿಸ್ಟೀನಿನದೇ ಒಂದು ರೂಪ. ಅದರಿಂದ ದೇಹ ಮತ್ತೆ ಕಾವಲುಗಾರರನ್ನು ತಯಾರಿಸಿಕೊಳ್ಳುತ್ತದೆ. ಆದರೆ ಬೇಗ ಹೋಗಬೇಕು. ಮೊದಲ ದಿನ ಮೈ ಚೆನ್ನಾಗಿಯೇ ಇರುವಂತೆ ಕಾಣುತ್ತದೆ, ಹಾನಿ ಒಳಗೇ ನಡೆದಿರುತ್ತದೆ.

ಮನೆಯ ಹಿರಿಯರು ಇದೊಂದನ್ನು ನೆನಪಿಡಿ. ನೆಗಡಿಯ ಅನೇಕ ಮಾತ್ರೆಗಳ ಒಳಗೂ ಪ್ಯಾರಸಿಟಮಾಲ್ ಸೇರಿರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ನುಂಗಿದರೆ ಗೊತ್ತಿಲ್ಲದೆ ಎರಡು ಪಾಲಾಗುತ್ತದೆ. ಪಟ್ಟಿಯ ಹಿಂದಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿ, ಇಲ್ಲವೇ ಮೊಮ್ಮಕ್ಕಳ ಕೈಯಲ್ಲಿ ಓದಿಸಿ.

ಲಾಕರಿಗೆ ಎರಡು ಕೀಲಿಕೈ

ಹಾಗಾದರೆ ಹಿಡಿಯಬೇಕಾದವರನ್ನು ಮಾತ್ರ ಹಿಡಿಯುವುದು ಹೇಗೆ? ಬ್ಯಾಂಕಿನ ಲಾಕರನ್ನು ನೋಡಿದ್ದೀರಾ? ಅದಕ್ಕೆ ಎರಡು ಕೀಲಿಕೈ. ಒಂದು ಬ್ಯಾಂಕಿನದು, ಅದು ಬಹಳ ಲಾಕರುಗಳಿಗೆ ಹೊಂದುತ್ತದೆ. ಇನ್ನೊಂದು ಗ್ರಾಹಕರದು, ಅದು ಅವರ ಒಂದೇ ಲಾಕರಿಗೆ. ಒಂದೇ ಕೀಲಿಯಿಂದ ಬಾಗಿಲು ತೆರೆಯುವುದಿಲ್ಲ.

ಹಿಡಿಯುವ ಔಷಧವನ್ನು ಕಟ್ಟುವುದೂ ಹೀಗೆಯೇ. ಔಷಧದ ಮೈ ಗ್ರಾಹಕರ ಕೀಲಿ. ಬೇಕಾದ ಪ್ರೋಟೀನಿನ ಗುಳಿಗೆ ಮಾತ್ರ ಸರಿಯಾಗಿ ಕೂರುವಂತೆ ಅದರ ಆಕಾರ ಇರಬೇಕು. ತುದಿಯಲ್ಲಿರುವ ಹಿಡಿಯುವ ಗುಂಪು ಬ್ಯಾಂಕಿನ ಕೀಲಿ. ಅದು ಯಾವ ಸಿಸ್ಟೀನಿಗಾದರೂ ಹೊಂದುತ್ತದೆ. ಆದರೆ ಅದೊಂದರಿಂದಲೇ ಬಾಗಿಲು ತೆರೆಯಬಾರದು. ಅದಕ್ಕಾಗಿ ಆ ಕೈಯನ್ನು ಬೇಕೆಂದೇ ಸ್ವಲ್ಪ ಮಂದ ಮಾಡುತ್ತಾರೆ. ರಕ್ತದಲ್ಲಿ ಹೋಗುವಾಗ ಒಂದು ಗಂಧಕಕ್ಕೆ ತಾಗಿತು ಅನ್ನಿ. ತಾಗುವುದು ಒಂದು ಕ್ಷಣ. ಮಂದ ಕೈಗೆ ಹಿಡಿಯಲು ಅಷ್ಟು ಹೊತ್ತು ಸಾಲದು, ಮುಂದೆ ಹೋಗುತ್ತದೆ. ಬೇಕಾದ ಪ್ರೋಟೀನಿನಲ್ಲಿ ಹಾಗಲ್ಲ. ಮೈ ಗುಳಿಯಲ್ಲಿ ಭದ್ರವಾಗಿ ಕೂತಿದೆ, ಪಕ್ಕದಲ್ಲೇ ಗಂಧಕವಿದೆ, ಬೇಕಾದಷ್ಟು ಸಮಯವಿದೆ. ಅಲ್ಲಿ ಮಂದ ಕೈಯೂ ಹಿಡಿದುಬಿಡುತ್ತದೆ.

ಇದನ್ನೇ ಔಷಧ ಮಾಡುವವರು ಕಷ್ಟಪಟ್ಟು ಕಲಿತರು. ಗುರಿ ತಪ್ಪದಿರುವುದು ಕೈಯ ಬಲದಿಂದಲ್ಲ, ಕೈಯ ಸಂಯಮದಿಂದ.

ಬಿರಡೆ ತಿರುಗಿಸುವ ಕೆಲಸ

ಸಂಯಮವನ್ನು ಅಳತೆಯಾಗಿ ಕೊಡುವುದು ಹೇಗೆ? ತಂಬೂರಿಯ ಶ್ರುತಿ ಕೂಡಿಸುವವರು ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರಲ್ಲ, ಹಾಗೆ. ಇಲ್ಲಿ ಬಿರಡೆ ಎಂದರೆ ಅಕ್ಕಪಕ್ಕದ ಪರಮಾಣುಗಳು. ಪಕ್ಕದ ಪರಮಾಣು ಎಲೆಕ್ಟ್ರಾನನ್ನು ಎಷ್ಟು ಎಳೆಯುತ್ತದೆ, ಎಷ್ಟು ಜಾಗ ಹಿಡಿಯುತ್ತದೆ ಎಂಬುದರ ಮೇಲೆ ಹಿಡಿಯುವ ಕೈ ಚುರುಕೋ ಮಂದವೋ ಆಗುತ್ತದೆ.

ಕ್ಲೋರೋಅಸಿಟಮೈಡ್ ಎಂಬ ಗುಂಪು ಸಾಕಷ್ಟು ಚುರುಕು. ಅಕ್ರಿಲಮೈಡ್ ಗುಂಪು ಅದಕ್ಕಿಂತ ಸೌಮ್ಯ. ಅದರ ಮೇಲೆ ಒಂದು ಇಂಗಾಲ, ಮೂರು ಜಲಜನಕ ಇರುವ ಚಿಕ್ಕ ಗುಂಪನ್ನು ಕೂರಿಸಿದರೆ ಇನ್ನೂ ಮಂದ. ಅಕ್ರಿಲಮೈಡ್ ಕೈ ಇರುವ ಔಷಧಗಳು ಈಗ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ. ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಕೊಡುವ ಇಬ್ರುಟಿನಿಬ್‌ಗೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಹಿಡಿಯುವುದು ಬಿಟಿಕೆ ಎಂಬ ಪ್ರೋಟೀನಿನ 481ನೆಯ ಮಣಿಯನ್ನು. ಖಾತೆ ಸಂಖ್ಯೆ ಇದ್ದ ಹಾಗೆ ನೋಡಿ!

ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಅಕಿಯೊ ಒಜಿದಾ ಅವರ ತಂಡ 2019ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಹಿಡಿಸಿತು. ಅವರು ಚುರುಕಿನ ಕ್ಲೋರೋಅಸಿಟಮೈಡ್‌ನಲ್ಲಿ, ಕ್ಲೋರಿನ್ ಇರುವ ಇಂಗಾಲದ ಮೇಲೆ ಒಂದು ಜಲಜನಕವನ್ನು ತೆಗೆದು ಫ್ಲೋರಿನ್ ಕೂರಿಸಿದರು. ಒಂದೇ ಪರಮಾಣುವಿನ ಬದಲಾವಣೆ. ಕೈ ಸೌಮ್ಯವಾಯಿತು. ಇನ್ನೊಂದು ಗುಣವೂ ಬಂತು. ತಪ್ಪಿ ಬೇರೆ ಕಡೆಯ ಗಂಧಕವನ್ನು ಹಿಡಿದರೆ ಸುತ್ತಲಿನ ನೀರು ಆ ಹಿಡಿತವನ್ನು ಬಿಡಿಸುತ್ತದೆ, ಗಂಧಕ ಮೊದಲಿನಂತೆ ಆಗುತ್ತದೆ. ಸರಿಯಾದ ಪ್ರೋಟೀನಿನ ಗುಳಿಯ ಆಳದಲ್ಲಿ ನೀರಿಗೆ ಪ್ರವೇಶವಿಲ್ಲ, ಅಲ್ಲಿ ಹಿಡಿತ ಉಳಿಯುತ್ತದೆ. ತಪ್ಪು ಖಾತೆಗೆ ಜಮಾ ಆದ ಹಣ ತಾನೇ ವಾಪಸಾಗಿ, ಸರಿಯಾದ ಖಾತೆಯದು ಮಾತ್ರ ನಿಂತರೆ ಹೇಗಿರುತ್ತದೆ? ಹಾಗೆ.

ಔಷಧಕ್ಕೂ ಆಡಿಟ್

ಔಷಧ ಬೇರೆ ಯಾರ ಕೈಯನ್ನೂ ಹಿಡಿದಿಲ್ಲ ಎಂದು ಪರೀಕ್ಷಿಸುವುದು ಹೇಗೆ? ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಆಡಿಟ್ ಬರುತ್ತಿತ್ತು. ಔಷಧಕ್ಕೂ ಅದು ಉಂಟು. ಔಷಧದ ಅಣುವಿಗೆ ಒಂದು ಪುಟ್ಟ ಬಾಲ ಕಟ್ಟಿ ಜೀವಕೋಶಗಳಿಗೆ ಬಿಡುತ್ತಾರೆ. ಅದು ಹಿಡಿಯುವುದನ್ನೆಲ್ಲ ಹಿಡಿದ ಮೇಲೆ, ಆ ಬಾಲಕ್ಕೆ ಮಾತ್ರ ಟಿಚ್ಚುಗುಂಡಿಯಂತೆ ಕೂಡಿಕೊಳ್ಳುವ ಹೊಳೆಯುವ ಬಣ್ಣವನ್ನು ಹಾಕುತ್ತಾರೆ. ಯಾವ ಯಾವ ಪ್ರೋಟೀನ್ ಹೊಳೆಯಿತೋ ಅಲ್ಲೆಲ್ಲ ಔಷಧ ಹೋಗಿ ಹಿಡಿದಿದೆ ಎಂದು ಲೆಕ್ಕ. ಒಂದೇ ಹೊಳೆದರೆ ಔಷಧ ಪಾಸು. ನೂರು ಹೊಳೆದರೆ ಮತ್ತೆ ಬಿರಡೆ ತಿರುಗಿಸಬೇಕು. ಹೀಗೆ ಟಿಚ್ಚುಗುಂಡಿಯಂತೆ ಕೂಡಿಸುವ ರಸಾಯನವನ್ನು ಬೆಳೆಸಿದ್ದಕ್ಕೆ ಕ್ಯಾರೊಲಿನ್ ಬರ್ಟೋಜಿ, ಮೋರ್ಟನ್ ಮೆಲ್ಡಾಲ್, ಬ್ಯಾರಿ ಶಾರ್ಪ್‌ಲೆಸ್ ಎಂಬ ಮೂವರಿಗೆ 2022ರ ನೊಬೆಲ್ ಬಂತು. ಶಾರ್ಪ್‌ಲೆಸ್ ಅವರಿಗೆ ಅದು ಎರಡನೆಯ ನೊಬೆಲ್.

ಕಳ್ಳನೇ ಬಿಟ್ಟ ಗುರುತು

ಇಷ್ಟೆಲ್ಲ ಸೂಕ್ಷ್ಮ ಯಾಕೆ ಬೇಕು ಎಂಬುದಕ್ಕೆ ಕೊನೆಯದಾಗಿ ಒಂದು ಕಥೆ. ಕೆ-ರಾಸ್ ಎಂಬ ಪ್ರೋಟೀನ್ ಜೀವಕೋಶದ ಒಂದು ಸ್ವಿಚ್ಚು. ಅದು ಆನ್ ಆದರೆ ಜೀವಕೋಶ ಬೆಳೆದು ಎರಡಾಗುತ್ತದೆ, ಆಮೇಲೆ ಆಫ್ ಆಗಬೇಕು. ಕೆಲವರಲ್ಲಿ ಅದರ 12ನೆಯ ಮಣಿ ಬದಲಾಗಿ ಸ್ವಿಚ್ಚು ಆನ್ ಆಗಿಯೇ ಉಳಿಯುತ್ತದೆ. ಕ್ಯಾನ್ಸರ್ ಶುರುವಾಗುವ ದಾರಿಗಳಲ್ಲಿ ಇದೊಂದು. 1980ರ ದಶಕದಿಂದಲೇ ಇದು ಗೊತ್ತಿತ್ತು. ಆದರೆ ಆ ಪ್ರೋಟೀನಿನ ಮೈ ಎಣ್ಣೆ ಹಚ್ಚಿದ ಗುಂಡಿನ ಹಾಗೆ ನುಣುಪು, ಔಷಧ ಕೂರಲು ಒಂದು ಗುಳಿಯಿಲ್ಲ. ಇದಕ್ಕೆ ಔಷಧವೇ ಆಗದು ಎಂದು ಬಹಳ ಜನ ಕೈಚೆಲ್ಲಿದ್ದರು.

ಶ್ವಾಸಕೋಶದ ಕ್ಯಾನ್ಸರಿನ ಕೆಲವು ರೋಗಿಗಳಲ್ಲಿ ಆ 12ನೆಯ ಜಾಗದಲ್ಲಿ ಗ್ಲೈಸಿನ್ ಹೋಗಿ ಸಿಸ್ಟೀನ್ ಬಂದಿರುತ್ತದೆ. ಗಂಧಕದ ಕೈ! ಆರೋಗ್ಯವಂತ ಕೆ-ರಾಸ್‌ನ ಆ ಜಾಗದಲ್ಲಿ ಅದು ಇಲ್ಲವೇ ಇಲ್ಲ. ಕಳ್ಳ ತಾನೇ ಗುರುತು ಬಿಟ್ಟುಹೋದ ಹಾಗಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆವನ್ ಶೋಕಾಟ್ ಅವರ ತಂಡ ಆ ಗಂಧಕವನ್ನೇ ಹಿಡಿದು ಹುಡುಕಿ, ಪಕ್ಕದಲ್ಲಿ ಅದುವರೆಗೆ ಯಾರೂ ಕಾಣದ ಒಂದು ಗುಳಿ ಇರುವುದನ್ನು 2013ರಲ್ಲಿ ತೋರಿಸಿತು. ಎರಡೂ ಕೀಲಿಗೆ ಜಾಗ ಸಿಕ್ಕಿತು. 2021ರ ಮೇ ತಿಂಗಳಲ್ಲಿ ಸೊಟೊರಾಸಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅದರ ತುದಿಯಲ್ಲಿರುವುದೂ ಸೌಮ್ಯವಾದ ಅಕ್ರಿಲಮೈಡ್ ಕೈಯೇ. ಅದು ರೋಗದ ಕೆ-ರಾಸನ್ನು ಹಿಡಿದು ಸ್ವಿಚ್ಚನ್ನು ಆಫ್‌ನಲ್ಲಿ ನಿಲ್ಲಿಸುತ್ತದೆ, ಆರೋಗ್ಯದ ಕೆ-ರಾಸನ್ನು ಅದರ ಪಾಡಿಗೆ ಬಿಡುತ್ತದೆ.

ಇದರಿಂದ ಕ್ಯಾನ್ಸರ್ ಎಲ್ಲ ಗೆದ್ದಂತಲ್ಲ. 12ನೆಯ ಜಾಗದಲ್ಲಿ ಸಿಸ್ಟೀನ್ ಬದಲು ಬೇರೆ ಮಣಿ ಬಂದವರಿಗೆ ಈ ಮಾತ್ರೆಯಿಂದ ಉಪಯೋಗವಿಲ್ಲ. ಬಂದವರಲ್ಲೂ ಎಷ್ಟೋ ಸಲ ರೋಗ ಕೆಲವು ತಿಂಗಳಲ್ಲಿ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಅದಕ್ಕೇ ಈಗ ಗಂಧಕವಿಲ್ಲದ ಬೇರೆ ಮಣಿಗಳನ್ನೂ ಸಂಯಮದಿಂದ ಹಿಡಿಯುವ ಕೈಗಳನ್ನು ಹುಡುಕುತ್ತಿದ್ದಾರೆ. ನಿಮ್ಮಲ್ಲಿ ಯಾರಾದರೂ ಮುಂದೆ ರಸಾಯನಶಾಸ್ತ್ರ ಓದುವವರಿದ್ದರೆ ಅಲ್ಲಿ ಬೇಕಾದಷ್ಟು ಕೆಲಸ ಬಾಕಿ ಇದೆ.

ನೀವೇ ಮಾಡಿ ನೋಡಿ

ಮದರಂಗಿ ಗಿಡದ ಎಲೆ ಸಿಕ್ಕರೆ ಅರೆದು ಎಡಗೈಯ ಒಂದು ಬೆರಳಿನ ಉಗುರಿಗೆ ಪೂರ್ತಿ ಹಚ್ಚಿ, ರಾತ್ರಿ ಬಿಟ್ಟು ಬೆಳಿಗ್ಗೆ ತೊಳೆಯಿರಿ. ಪಕ್ಕದ ಬೆರಳಿನ ಉಗುರಿಗೆ ಕುಂಕುಮ ಹಚ್ಚಿ. (ಕಪ್ಪು ಬಣ್ಣ ಬರುವ ಅಂಗಡಿಯ ಮೆಹಂದಿ ಬೇಡ, ಅದಕ್ಕೆ ಬೆರೆಸುವ ಬಣ್ಣದಿಂದ ಕೆಲವರಿಗೆ ಬೊಬ್ಬೆ ಬರುತ್ತದೆ.) ಕುಂಕುಮ ಊಟಕ್ಕೆ ಕೈ ತೊಳೆಯುವಾಗಲೇ ಹೋಗುತ್ತದೆ. ಮದರಂಗಿಯ ಉಗುರನ್ನು ಪ್ರತಿ ಭಾನುವಾರ ಅಳತೆಪಟ್ಟಿಯಿಂದ ಅಳೆಯಿರಿ. ಬುಡದಲ್ಲಿ ಬಣ್ಣವಿಲ್ಲದ ಹೊಸ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬಂದಿರುತ್ತದೆ. ಮದರಂಗಿ ಹಿಡಿತ ಬಿಡುವುದಿಲ್ಲ. ಹಿಡಿದ ಉಗುರು ಮುಂದೆ ಸರಿದು ಹೊಸದು ಹುಟ್ಟುತ್ತದೆ. ಆಸ್ಪಿರಿನ್ ನಿಲ್ಲಿಸಿದ ಮೇಲೆ ರಕ್ತದಲ್ಲಿ ಆಗುವುದೂ ಇದೇ. ಹಿಡಿದ ಪ್ಲೇಟ್‌ಲೆಟ್ ಹೋಗಿ ಹೊಸ ಪ್ಲೇಟ್‌ಲೆಟ್ ಬರುತ್ತದೆ. ನಾಲ್ಕು ಭಾನುವಾರದ ಅಳತೆಯನ್ನು ಬರೆದು ಕಳುಹಿಸಿ. ಯಾರ ಉಗುರು ಬೇಗ ಬೆಳೆಯುತ್ತದೆ, ಮೊಮ್ಮಕ್ಕಳದೋ ಅಜ್ಜ ಅಜ್ಜಿಯರದೋ, ಒಟ್ಟು ಲೆಕ್ಕ ಹಾಕಿ ಇದೇ ಪುಟದಲ್ಲಿ ತಿಳಿಸುತ್ತೇನೆ.